ಹ್ರಸ್ವಶ್ವಾನ ಮೀಮಾಂಸೆ, ಅಥವಾ ವಸಂತ್ ಕುಂಜದ ತಾತ್ಕಾಲಿಕಾಶ್ರಯ ಪದ್ಧತಿಯ ಶಾಸ್ತ್ರೀಯ ವಿವೇಚನೆ

ಹ್ರಸ್ವಶ್ವಾನವೆಂದರೆ ಯಾವುದು ಎಂಬುದು ಇತ್ಯರ್ಥವಾಗದೆ ಈ ಶಾಸ್ತ್ರದಲ್ಲಿ ಒಂದು ಹೆಜ್ಜೆಯನ್ನೂ ಮುಂದಿಡಲು ಬರುವುದಿಲ್ಲ. ತೂಕವನ್ನೇ ಲಕ್ಷಣವಾಗಿ ಹಿಡಿದು, ಹತ್ತು ಕಿಲೋಗ್ರಾಮಿಗಿಂತ ಹಗುರಾದ ನಾಯಿಯೇ ಹ್ರಸ್ವಶ್ವಾನವೆಂದರೆ, ಎರಡು ತಿಂಗಳ ಲ್ಯಾಬ್ರಡಾರ್ ಮರಿಯೂ ಒಳಗೆ ನುಸುಳಿ ಅತಿವ್ಯಾಪ್ತಿ, ಅಂದರೆ ಲಕ್ಷಣವು ಸಲ್ಲದ ಕಡೆಗೂ ಸಲ್ಲುವ ದೋಷ, ಒದಗುತ್ತದೆ. ತಳಿಯನ್ನು ಲಕ್ಷಣವಾಗಿಸಿ ಪಗ್, ಶಿಟ್ಜು, ಲಾಸಾ ಆಪ್ಸೊ, ಡ್ಯಾಶ್‌ಹೌಂಡ್, ಪೊಮೆರೇನಿಯನ್ ಎಂದು ಪಟ್ಟಿ ಮಾಡಿದರೆ, ತಾಯಿ ಪೊಮೆರೇನಿಯನ್ ಆಗಿದ್ದು ತಂದೆ ಯಾರೆಂಬುದು ಕಾಲನಿಯ ರಾತ್ರಿ ಕಾವಲುಗಾರನಿಗೆ ಮಾತ್ರ ಗೊತ್ತಿರುವ ಅನೇಕ ಜೀವಗಳು ಹೊರಗುಳಿದು ಅವ್ಯಾಪ್ತಿ ದೋಷ ತಗಲುತ್ತದೆ. ಆದ್ದರಿಂದ ಸಿದ್ಧಾಂತಪಕ್ಷವು ಹೀಗೆ ನಿಲ್ಲುತ್ತದೆ: ಒಂದು ಕಂಕುಳಲ್ಲಿ ಅವುಚಿಕೊಂಡು, ಮೇಲೆ ಶಾಲು ಹೊದ್ದು, ನಿವಾಸಿಗಳ ಸಂಘದ ಅಧ್ಯಕ್ಷರಿಗೆ ಎದುರಾಗಿ ನಮಸ್ಕಾರ ಹೇಳಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯವರೆಗೆ ಒಯ್ಯಲು ಸಾಧ್ಯವಾಗುವ ಗಾತ್ರದ ನಾಯಿಯೇ ಹ್ರಸ್ವಶ್ವಾನ. ದೆಹಲಿಯ ಮೇ ತಿಂಗಳ ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಶಾಲು ಹೊದ್ದವರೇ ಹೆಚ್ಚು ಅನುಮಾನಕ್ಕೆ ಗುರಿಯಾಗುತ್ತಾರೆ ಎಂಬ ಆಕ್ಷೇಪವನ್ನು ಪರಿಗಣಿಸಿ, ಬೇಸಿಗೆಯ ಮಟ್ಟಿಗೆ ತರಕಾರಿ ಚೀಲವನ್ನು ವಿಕಲ್ಪವಾಗಿ ಒಪ್ಪಲಾಗಿದೆ.

ತಾತ್ಕಾಲಿಕಾಶ್ರಯವೆಂಬುದು ಎರಡನೆಯ ಪರಿಭಾಷೆ. ಬೀದಿಗೆ ಬಿದ್ದ ನಾಯಿಯನ್ನು ಎತ್ತಿ ತಂದವರು, ಅದಕ್ಕೆ ಕಾಯಂ ಮನೆ ಸಿಗುವ ತನಕ, ಸಂಬಳವಿಲ್ಲದೆ, ತಮ್ಮ ಸೋಫಾವನ್ನು ಒತ್ತೆಯಿಟ್ಟು ಸಾಕುವ ಕ್ರಮಕ್ಕೆ ಈ ಹೆಸರು. ಬಲ್ಲವರು ಇದನ್ನು ಫಾಸ್ಟರ್ ಎನ್ನುತ್ತಾರೆ. ಇದರಲ್ಲಿ ತತ್ಕಾಲವೆಂದರೆ ಎಷ್ಟು ಕಾಲ ಎಂಬುದರ ಬಗ್ಗೆ ಶಾಸ್ತ್ರಕಾರರಲ್ಲಿ ತೀವ್ರ ಭಿನ್ನಾಭಿಪ್ರಾಯವಿದೆ. ಎರಡು ವಾರವೆಂಬುದು ನಾಯಿಯನ್ನು ತಂದುಬಿಡುವವರ ಪಕ್ಷ. ನಾಯಿಯ ಆಯುಸ್ಸು ಇರುವಷ್ಟು ಎಂಬುದು ನಾಯಿಯ ಪಕ್ಷ. ಅನುಭವವು ಎರಡನೆಯ ಪಕ್ಷದ ಕಡೆಗೇ ವಾಲುತ್ತದೆಂಬುದನ್ನು ಮುಂದೆ ನಿರೂಪಿಸಲಾಗುವುದು.

ಕ್ಷೇತ್ರದ ವರ್ಣನೆಯೂ ಅವಶ್ಯಕ. ನೈಋತ್ಯ ದೆಹಲಿಯಲ್ಲಿ, ಮೆಹ್ರೌಲಿಗೂ ಮಹಿಪಾಲ್‌ಪುರಕ್ಕೂ ನಡುವೆ, ಅರಾವಳಿಯ ಕಲ್ಲುಗುಡ್ಡಗಳ ಮೇಲೆ ದೆಹಲಿ ಅಭಿವೃದ್ಧಿ ಪ್ರಾಧಿಕಾರವು ಅಕ್ಷರಗಳಿಂದ ಹೆಸರಿಸಿದ ಸೆಕ್ಟರುಗಳಾಗಿಯೂ ಪಾಕೆಟ್ಟುಗಳಾಗಿಯೂ ಕಟ್ಟಿದ ಬಡಾವಣೆಯೇ ವಸಂತ್ ಕುಂಜ್. ಇದರ ಒಂದು ಅಂಚಿಗೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಕುರುಚಲು ಕಾಡು. ಇನ್ನೊಂದು ಬದಿಗೆ ವಿದೇಶಿ ಕೈಚೀಲಗಳನ್ನು ಮಾರುವ ಮಾಲ್‌ಗಳ ಸಾಲು. ಮತ್ತೊಂದು ಕಡೆ ಇಲ್ತಮಿಶ್ ತನ್ನ ಮಗನಿಗಾಗಿ 1231ರಲ್ಲಿ ಕಟ್ಟಿಸಿದ ಸುಲ್ತಾನ್ ಗಢಿಯ ಗೋರಿ. ಮೇಲೆ ನಿಮಿಷ ನಿಮಿಷಕ್ಕೂ ತಗ್ಗಿ ಇಳಿಯುವ ವಿಮಾನಗಳು. ಈ ಭೂಗೋಳವು ಶ್ವಾನಸಮಾಜವನ್ನು ಮೂರು ವರ್ಣಗಳಾಗಿ ಒಡೆದಿದೆ. ಮಾಲಿನ ಮುಂದೆ ಸ್ವೆಟರ್ ತೊಟ್ಟು ನಡೆಯುವವು ಒಂದು. ಪಾಕೆಟ್ಟಿನ ಗೇಟಿನ ಬಳಿ ಮಲಗಿ, ಹಾಲಿನ ಬೂತಿನವನಿಂದಲೂ ನಿವೃತ್ತ ಅಧಿಕಾರಿಯ ಪತ್ನಿಯಿಂದಲೂ ಬೇರೆಬೇರೆ ಹೆಸರು ಪಡೆದು ಎರಡಕ್ಕೂ ಓಗೊಡುವವು ಇನ್ನೊಂದು. ಗುಡ್ಡದ ಅಂಚಿನ ಕಸದ ರಾಶಿಯನ್ನೇ ನಂಬಿ ಹಿಂಡುಗಟ್ಟಿ ಬದುಕುವವು ಮೂರನೆಯದು. ಹ್ರಸ್ವಶ್ವಾನವು ಮೊದಲನೆಯ ವರ್ಣದಲ್ಲಿ ಹುಟ್ಟಿ, ಒಂದು ಸಂಜೆ ಕಾರಿನ ಬಾಗಿಲು ತೆರೆದು ಮುಚ್ಚುವಷ್ಟರಲ್ಲಿ ಮೂರನೆಯದಕ್ಕೆ ಜಾರುವ ಜೀವಿ. ಜಾತಿಭ್ರಷ್ಟತೆ ಇಷ್ಟು ಶೀಘ್ರವಾಗಿ ಸಂಭವಿಸುವ ಬೇರೆ ಉದಾಹರಣೆ ಸಮಾಜಶಾಸ್ತ್ರದಲ್ಲಿ ವಿರಳ.

ಪರಂಪರೆಯಿಲ್ಲದ ಶಾಸ್ತ್ರಕ್ಕೆ ಮರ್ಯಾದೆಯಿಲ್ಲವಾದ್ದರಿಂದ ಇತಿಹಾಸವನ್ನೂ ಕೊಡಬೇಕಾಗುತ್ತದೆ. ಮಹಾಭಾರತದ ಆದಿಪರ್ವದಲ್ಲಿ, ದೆಹಲಿಯಿಂದ ಅರ್ಧ ದಿನದ ದಾರಿಯೂ ಅಲ್ಲದ ಕುರುಕ್ಷೇತ್ರದಲ್ಲಿ ಜನಮೇಜಯನ ಸತ್ರಯಾಗ ನಡೆಯುತ್ತಿದ್ದಾಗ, ಅಲ್ಲಿಗೆ ಬಂದ ಒಂದು ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟುತ್ತಾರೆ. ಅದರ ತಾಯಿಯಾದ ಸರಮೆ ಬಂದು, ಮರಿಯು ಹವಿಸ್ಸನ್ನು ಮುಟ್ಟಲೂ ಇಲ್ಲ, ನೋಡಲೂ ಇಲ್ಲ, ಹೀಗಿರಲು ಹೊಡೆದದ್ದೇಕೆಂದು ಕೇಳಿದಾಗ ಯಜ್ಞಮಂಟಪದಲ್ಲಿ ಯಾರೂ ಉತ್ತರಿಸುವುದಿಲ್ಲ. ಅವಳು ಶಪಿಸಿ ಹೋಗುತ್ತಾಳೆ. ನಿವಾಸಿಗಳ ಸಂಘವೊಂದರ ಮುಂದೆ ಪ್ರಾಣಿಹಿಂಸೆಯ ದೂರು ದಾಖಲಾದ ಮೊದಲ ಪ್ರಕರಣ ಇದೇ ಎಂದೂ, ದೂರಿಗೆ ಸ್ವೀಕೃತಿಪತ್ರವನ್ನೂ ಕೊಡದಿರುವ ಪದ್ಧತಿ ಅಲ್ಲಿಂದಲೇ ಬಂದಿದೆಯೆಂದೂ ಊಹಿಸಲು ಅಡ್ಡಿಯಿಲ್ಲ.

ಕನ್ನಡನಾಡಿನ ಆಧಾರವು ಇದಕ್ಕಿಂತ ಗಟ್ಟಿ, ಏಕೆಂದರೆ ಅದು ಕಲ್ಲಿನಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಶ. 949–50ರ ಶಾಸನವು ತಕ್ಕೋಲದ ಯುದ್ಧದ ಸುದ್ದಿಯನ್ನು ಹೇಳುತ್ತದೆಂಬ ಕಾರಣಕ್ಕೆ ಇತಿಹಾಸಕಾರರಿಗೆ ಪ್ರಿಯ. ಪ್ರಸ್ತುತ ಶಾಸ್ತ್ರಕ್ಕೆ ಆ ಯುದ್ಧ ಅಪ್ರಸ್ತುತ. ಗಂಗರ ಇಮ್ಮಡಿ ಬೂತುಗನು ತನ್ನ ವೀರನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಕಾಳಿಯೆಂಬ ನಾಯಿಯನ್ನು ಕೇಳಿ ಪಡೆದನು. ದತ್ತು ಪಡೆಯಲು ಸಲ್ಲಿಸಿದ ಅರ್ಜಿಯ ಮೊದಲ ಕನ್ನಡ ದಾಖಲೆಯಿದು. ಅರ್ಜಿದಾರನ ಯೋಗ್ಯತೆಯನ್ನು ಪರಿಶೀಲಿಸಲು ಒಂದು ಮಹಾಯುದ್ಧವೇ ಬೇಕಾಯಿತೆಂಬುದು ಇಂದಿನ ಪರಿಶೀಲಕರಿಗೆ ಹೊಟ್ಟೆಕಿಚ್ಚು ಬರಿಸುವ ಸಂಗತಿ. ಮುಂದೆ ಕಾಳಿಯು ದೊಡ್ಡ ಕಾಡುಹಂದಿಯೊಂದರೊಡನೆ ಸೆಣಸಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿ ಮಾಡಿದ ಪಾಪ ತಟ್ಟುವುದೆಂಬ ಷರತ್ತೂ ಕೆತ್ತಲ್ಪಟ್ಟಿತು. ನಾಯಿಗೆ ಮೊದಲು, ತನಗೆ ಆಮೇಲೆ ಎಂಬ ಈ ಊಟದ ಕ್ರಮವನ್ನು ವಸಂತ್ ಕುಂಜದ ಆಶ್ರಯದಾತರು ಶಾಸನವನ್ನು ಓದದೆಯೇ ಪಾಲಿಸುತ್ತಿದ್ದಾರೆ. ಕಾಳಿಯು ಹಂದಿಯನ್ನು ಕೊಂದ ಬೇಟೆನಾಯಿಯಾದ್ದರಿಂದ ಅದು ಹ್ರಸ್ವವಾಗಿರಲಾರದೆಂಬ ತಕರಾರು ನ್ಯಾಯವಾದದ್ದೇ, ಆದರೆ ಪರಂಪರೆಯನ್ನು ಹುಡುಕುವಾಗ ಅಳತೆಗೋಲನ್ನು ಮನೆಯಲ್ಲಿ ಬಿಟ್ಟು ಹೋಗುವುದು ಎಲ್ಲ ಶಾಸ್ತ್ರಗಳ ರೂಢಿ.

ಆಧುನಿಕ ಯುಗದಲ್ಲಿ ದೆಹಲಿಯನ್ನೂ ಕರ್ನಾಟಕವನ್ನೂ ಈ ವಿಷಯದಲ್ಲಿ ಜೋಡಿಸಿದವರು ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ. ದೆಹಲಿಯಲ್ಲಿ ಪ್ರಾಣಿಗಳ ಆಶ್ರಯವನ್ನು ಆರಂಭಿಸಿ, 1980ರಲ್ಲಿ ಜೈಪುರದಲ್ಲಿ ಇನ್ನೊಂದು ಸಂಸ್ಥೆ ಕಟ್ಟಿ, ಬಹುತೇಕರು ಕೀಲುನೋವಿನ ಬಗ್ಗೆ ಮಾತ್ರ ಯೋಚಿಸುವ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ಕ್ಯೂಪಾ ಎಂಬ ಪ್ರಾಣಿರಕ್ಷಣಾ ಸಂಸ್ಥೆಯನ್ನು ಸ್ಥಾಪಿಸಿದರು. ಅವರನ್ನು ಅಣಕಿಸಲು ಈ ಪ್ರಬಂಧದ ಸಾಮರ್ಥ್ಯ ಸಾಲದು.

ಹ್ರಸ್ವಶ್ವಾನವು ಮನೆಗಳಿಗೆ ಹೇಗೆ ಬಂತು ಎಂಬುದಕ್ಕೆ ಉತ್ಪತ್ತಿ ಪ್ರಕರಣವೆಂದು ಹೆಸರು. ಇದರಲ್ಲಿ ಎರಡು ಪ್ರಮಾಣಗಳು ಮುಖ್ಯ: 1994ರ ‘ಹಮ್ ಆಪ್ಕೆ ಹೈ ಕೌನ್’ ಚಿತ್ರದಲ್ಲಿ ಕ್ರಿಕೆಟ್ ಪಂದ್ಯಕ್ಕೆ ಅಂಪೈರಾಗಿ ಪ್ರೇಮಿಗಳ ಮದುವೆಯನ್ನೂ ಕುದುರಿಸಿದ ಟಫಿಯೆಂಬ ಬಿಳಿ ನಾಯಿ, ಮತ್ತು 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಬಾಲಕನೊಬ್ಬನನ್ನು ಹೋದಲ್ಲೆಲ್ಲ ಹಿಂಬಾಲಿಸಿದ ಪಗ್. ಮೊದಲನೆಯದು ಮಧ್ಯಮವರ್ಗದ ಮನೆಮನೆಗೂ ಪೊಮೆರೇನಿಯನ್ ಎಂಬ ಹೆಸರಿನ ಸ್ಪಿಟ್ಜ್ ನಾಯಿಗಳನ್ನು ತಂದಿತು. ಎರಡನೆಯದು ಉತ್ತರ ಭಾರತದ ಬಿಸಿಲಿನಲ್ಲಿ ಉಸಿರಾಡಲು ಯಾವ ದೃಷ್ಟಿಯಿಂದಲೂ ಯೋಗ್ಯವಲ್ಲದ ಚಪ್ಪಟೆ ಮೂಗಿನ ನಾಯಿಗೆ ಬೇಡಿಕೆ ಹುಟ್ಟಿಸಿತು. ನಾಯಿಯು ಏದುಸಿರಿನಿಂದಲೇ ಮೈಯ ಕಾವನ್ನು ಇಳಿಸಿಕೊಳ್ಳಬೇಕಾದ ಪ್ರಾಣಿ, ಮೂಗು ಮೊಟಕಾದಂತೆ ಆ ದಾರಿ ಕಿರಿದಾಗುತ್ತದೆ, ಆದುದರಿಂದ ಪಗ್ ಸಾಕುವ ಮನೆಯಲ್ಲಿ ವಿದ್ಯುತ್ ಬಿಲ್ಲು ನಾಯಿಯ ಹೆಸರಿಗೇ ಬರಬೇಕಾದದ್ದು ನ್ಯಾಯ. ಜಾಹೀರಾತಿನಲ್ಲಿ ನಾಯಿ ಹುಡುಗನನ್ನು ಹಿಂಬಾಲಿಸುತ್ತದೆ. ಜೀವನದಲ್ಲಿ ಪಶುವೈದ್ಯರ ಬಿಲ್ಲು ಒಡೆಯನನ್ನು ಹಿಂಬಾಲಿಸುತ್ತದೆ. ಒಡೆಯನು ನೆಟ್‌ವರ್ಕ್ ಬದಲಿಸುತ್ತಾನೆ.

ಪರಿತ್ಯಾಗದ ಕಾರಣಗಳನ್ನು ಪರಿಶೀಲಿಸಿದರೆ ಒಡೆಯರು ಮುಂದಿಡುವ ಹೇತುಗಳಲ್ಲಿ ಒಂದು ವಿಚಿತ್ರವಾದ ಏಕರೂಪತೆ ಕಾಣುತ್ತದೆ. ವರ್ಗಾವಣೆ, ವೀಸಾ, ಸೊಸೆಯ ಬಾಣಂತನ, ಬಾಡಿಗೆ ಮನೆಯವರ ಆಕ್ಷೇಪ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ, ಆರು ವರ್ಷ ನಾಯಿಯೊಡನೆ ಒಂದೇ ಹಾಸಿಗೆಯಲ್ಲಿ ಮಲಗಿದ ಬಳಿಕ ಬೇಸಿಗೆ ರಜೆಯ ಟಿಕೆಟ್ ಕೊಂಡ ವಾರದಲ್ಲಿ ತಟ್ಟನೆ ಪ್ರಕಟವಾಗುವ ಅಲರ್ಜಿ. ಇವುಗಳ ಜೊತೆಗೆ ಹೇಳಲ್ಪಡದ ಹೇತುವೊಂದಿದೆ: ಮರಿ ಮಾರುವವರು ಹೆಣ್ಣುನಾಯಿಯಿಂದ ಸಾಲುಸಾಲಾಗಿ ಸೂಲು ಪಡೆದು, ಗರ್ಭಕೋಶ ಕೆಟ್ಟು, ಹಲ್ಲು ಉದುರಿ, ಮೊಲೆಯಲ್ಲಿ ಗಂಟು ಎದ್ದ ಮೇಲೆ ಅದನ್ನು ಯಾವುದೋ ಮಾರುಕಟ್ಟೆಯ ಹಿಂದೆ ಬಿಟ್ಟುಹೋಗುವುದು. ನಾಯಿಯನ್ನು ಸಾಕಿ ಮಾರುವವರು ನೋಂದಾಯಿಸಿಕೊಳ್ಳಬೇಕೆಂದು 2017ರಲ್ಲಿ ನಿಯಮವಾಗಿದೆ. ನಾಯಿಯನ್ನು ನೋವಿಗೀಡಾಗುವಂತೆ ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಮೊದಲ ಸಲದ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲದೆ ಐವತ್ತು ರೂಪಾಯಿಗೆ ಮೀರದಂತೆ. ಇಷ್ಟು ಹಣಕ್ಕೆ ವಸಂತ್ ಕುಂಜದ ಮಾಲಿನಲ್ಲಿ ಕಾರನ್ನು ನಿಲ್ಲಿಸಿಬರುವುದೂ ಕಷ್ಟ, ನಾಯಿಯನ್ನು ಬಿಟ್ಟುಬರುವುದು ಸುಲಭ.

ಈಗ ವಿಧಿ ಪ್ರಕರಣ. ಸಿಕ್ಕ ನಾಯಿಯನ್ನು ನೇರವಾಗಿ ಮನೆಯ ನಾಯಿಗಳ ನಡುವೆ ಬಿಡತಕ್ಕದ್ದಲ್ಲ, ಏಕೆಂದರೆ ಪಾರ್ವೊ ಎಂಬ ಕರುಳಿನ ವೈರಾಣು ಮತ್ತು ಡಿಸ್ಟೆಂಪರ್ ಎಂಬ ನರವನ್ನೂ ಶ್ವಾಸಕೋಶವನ್ನೂ ಕೆಡಿಸುವ ರೋಗ ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲಬಲ್ಲವು. ಆದುದರಿಂದ ಸುಮಾರು ಎರಡು ವಾರಗಳ ಪ್ರತ್ಯೇಕವಾಸವು ವಿಹಿತ. ಎರಡು ಶಯನಗೃಹಗಳ ಸರ್ಕಾರಿ ಫ್ಲ್ಯಾಟಿನಲ್ಲಿ ಪ್ರತ್ಯೇಕವಾಸಕ್ಕೆ ಶೌಚಾಲಯವೇ ಗತಿ, ಹಾಗಾಗಿ ಎರಡು ವಾರ ಕುಟುಂಬದ ಸದಸ್ಯರು ಸ್ನಾನಕ್ಕೆ ಅನುಮತಿ ಕೇಳಿ ಹೋಗಬೇಕಾಗುತ್ತದೆ, ಅನುಮತಿ ಕೊಡುವುದು ನಾಯಿ. ಬಳಿಕ ಜಂತುಹುಳುವಿನ ಔಷಧಿ, ಉಣ್ಣೆಜ್ವರಕ್ಕೆ ರಕ್ತಪರೀಕ್ಷೆ, ಗಂಟುಗಟ್ಟಿದ ಕೂದಲನ್ನು ಬೋಳಿಸುವುದು, ಲಸಿಕೆಗಳು, ಮೂರು ತಿಂಗಳು ದಾಟಿದ್ದರೆ ರೇಬೀಸ್ ಚುಚ್ಚುಮದ್ದು, ಕೊನೆಗೆ ಸಂತಾನಹರಣ ಶಸ್ತ್ರಚಿಕಿತ್ಸೆ. ಕೂದಲು ಬೋಳಿಸಿದ ಶಿಟ್ಜುವನ್ನು ನೋಡಿ ತಾವು ತಂದದ್ದು ಬೇರೊಂದು ಪ್ರಾಣಿಯೆಂದು ಭ್ರಮಿಸುವವರುಂಟು.

ಆಹಾರ ವಿಧಿಯಲ್ಲಿ ದೆಹಲಿಯ ಕನ್ನಡ ಮನೆಗಳದು ಪ್ರತ್ಯೇಕ ಸಂಪ್ರದಾಯ. ಪನೀರ್, ಪರಾಠಾ ಮತ್ತು ಸೋಮವಾರದ ಉಪವಾಸದಲ್ಲೂ ತಪ್ಪದ ಬಿಸ್ಕತ್ತುಗಳಿಂದ ಬೆಳೆದು ಉದರವೇ ನೆಲಕ್ಕೆ ತಾಗುವಂತಾದ ಪಗ್ಗಿಗೆ ಇಲ್ಲಿ ಮೊದಲ ದಿನ ಉಪ್ಪು, ಒಗ್ಗರಣೆಗಳಿಲ್ಲದ ಮೊಸರನ್ನವನ್ನು ಬಡಿಸಲಾಗುತ್ತದೆ. ಅದು ತಟ್ಟೆಯನ್ನು ಮೂಸಿ, ಬಡಿಸಿದವರ ಮುಖವನ್ನು ನೋಡಿ, ಇನ್ನೂ ಏನೋ ಬರಲಿದೆಯೆಂಬ ನಂಬಿಕೆಯಿಂದ ಅಡುಗೆಮನೆಯ ಬಾಗಿಲಲ್ಲಿ ಕೂರುತ್ತದೆ. ಈ ಅವಸ್ಥೆಗೆ ಪ್ರತೀಕ್ಷೆಯೆಂದು ಹೆಸರು, ಅವಧಿ ಎರಡು ಹೊತ್ತು. ಮೂರನೆಯ ಹೊತ್ತಿಗೆ ತಟ್ಟೆ ಬರಿದಾಗುತ್ತದೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷವಾದ್ದರಿಂದ, ಈರುಳ್ಳಿಯಿಲ್ಲದೆ ಒಲೆ ಹೊತ್ತಿಸದ ದೆಹಲಿಯ ನೆರೆಮನೆಗಳಿಂದ ಪ್ರೀತಿಯಿಂದ ಬರುವ ಬಟ್ಟಲುಗಳನ್ನು ನಗುತ್ತಾ ಪಡೆದು ಮನುಷ್ಯರೇ ತಿಂದು ಮುಗಿಸತಕ್ಕದ್ದು.

ಹೊಸ ಮನೆಗೆ ಒಗ್ಗಲು ನಾಯಿಗೆ ಮೂರು ದಿನ ಅಂಜಿಕೆ, ಮೂರು ವಾರ ದಿನಚರಿಯ ಅಭ್ಯಾಸ, ಮೂರು ತಿಂಗಳು ನಂಬಿಕೆ ಬೇಕೆಂಬ ಸೂತ್ರವು ಈ ವೃತ್ತಿಯವರಲ್ಲಿ ಪ್ರಚಲಿತ. ಮನುಷ್ಯನಿಗೆ ಬೇಕಾಗುವ ಕಾಲವನ್ನು ಸೂತ್ರಕಾರರು ಹೇಳದೆ ಬಿಟ್ಟಿದ್ದಾರೆ. ಪ್ರಬಂಧಕಾರನ ಪರಿಶೀಲನೆಯಂತೆ ನಾಯಿಯನ್ನು ತರುವುದಕ್ಕೆ ಅತ್ಯಂತ ಕಟುವಾಗಿ ವಿರೋಧಿಸಿದ ಗೃಹಸ್ಥನೇ ನಾಲ್ಕನೆಯ ರಾತ್ರಿ, ಎಲ್ಲರೂ ಮಲಗಿದ್ದಾರೆಂದು ಖಚಿತಪಡಿಸಿಕೊಂಡು, ಅದರೊಡನೆ ಮಾತೃಭಾಷೆಯಲ್ಲಿ ಮಾತನಾಡುತ್ತಿರುತ್ತಾನೆ.

ನಿವಾಸಿಗಳ ಸಂಘದೊಡನೆ ಬರುವ ವಾದಗಳಿಗಾಗಿ ಆಶ್ರಯದಾತರು ಕಾನೂನನ್ನು ಕಂಠಪಾಠ ಮಾಡಿರುತ್ತಾರೆ. ಸಂಘವು ಬಹುಮತದಿಂದ ನಿರ್ಣಯಿಸಿದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಬೊಗಳುತ್ತದೆಂಬುದು ನಿಷೇಧಕ್ಕೆ ಕಾರಣವಾಗದು ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಇತ್ತ ದೆಹಲಿ ಮಹಾನಗರಪಾಲಿಕೆಯ 1957ರ ಕಾಯಿದೆ ನಾಯಿಯ ನೋಂದಣಿಯನ್ನು ವಿಧಿಸುತ್ತದೆ. ಮೊದಲನೆಯದನ್ನು ಮುದ್ರಿಸಿ ಬಾಗಿಲಿಗೆ ಅಂಟಿಸುವವರು ಎರಡನೆಯದನ್ನು ಮರೆಯುವುದೂ, ಸಂಘದವರು ಎರಡನೆಯದನ್ನು ಹಿಡಿದು ಮೊದಲನೆಯದನ್ನು ಓದದಿರುವುದೂ ಉಭಯಪಕ್ಷಗಳ ಸಮಾನ ಪಾಂಡಿತ್ಯಕ್ಕೆ ಸಾಕ್ಷಿ.

ಆದರೆ ಸಂಘದವರ ಭಯವೆಲ್ಲ ಹಾಸ್ಯಾಸ್ಪದವಲ್ಲ. 2023ರ ಮಾರ್ಚ್‌ನಲ್ಲಿ ವಸಂತ್ ಕುಂಜದ ಬಡವರ ವಸತಿಯೊಂದರಲ್ಲಿ ಒಂದೇ ಮನೆಯ ಇಬ್ಬರು ಎಳೆಯ ಸಹೋದರರು ಎರಡು ದಿನಗಳ ಅಂತರದಲ್ಲಿ ಬೀದಿನಾಯಿಗಳ ದಾಳಿಯಿಂದ ಸತ್ತರು. ಗುಡ್ಡದಂಚಿನ ಹಿಂಡಿನ ಎದುರಿಗೆ ಗೋಡೆಯೂ ಗೇಟೂ ಕಾವಲುಗಾರನೂ ಇಲ್ಲದವರ ಮಕ್ಕಳು ಅವರು. ಅದೇ ತಿಂಗಳು ಹೊಸ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೊರಬಂದವು. ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದಲ್ಲಿಗೇ ಬಿಡಬೇಕೆಂಬುದು ಅವುಗಳ ತಿರುಳು. ಮಾಡಬೇಕಾದ ಪ್ರಮಾಣದಲ್ಲಿ ಆ ಕೆಲಸ ನಡೆಯದೆ ಉಳಿದಾಗ ಅದರ ಬೆಲೆಯನ್ನು ತೆರುವವರು ಶಾಲಿನೊಳಗೆ ಶಿಟ್ಜು ಹೊತ್ತು ಮಹಡಿ ಹತ್ತುವವರಲ್ಲ. ಈ ಒಂದು ಕಂಡಿಕೆಯಲ್ಲಿ ಅಣಕಕ್ಕೆ ಜಾಗವಿಲ್ಲ.

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠವು ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿ ಇರಿಸಬೇಕೆಂದು ಆದೇಶಿಸಿದಾಗ ಶಾಸ್ತ್ರಕ್ಕೆ ಪ್ರಳಯವೇ ಸಂಭವಿಸಿದಂತಾಯಿತು, ಏಕೆಂದರೆ ಅಷ್ಟು ನಾಯಿಗಳಿಗೆ ಆಶ್ರಯವೆಂಬುದು ಆದೇಶದಲ್ಲಿ ಮಾತ್ರ ಇತ್ತು. ಹನ್ನೊಂದು ದಿನಗಳಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿ, ರೇಬೀಸ್ ತಗಲಿದವು ಮತ್ತು ಆಕ್ರಮಣಶೀಲವಾದವುಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆಯ ನಂತರ ಮೊದಲಿದ್ದಲ್ಲಿಗೇ ಬಿಡಬೇಕೆಂದೂ, ಅನ್ನ ಹಾಕಲು ಜಾಗ ಗೊತ್ತುಪಡಿಸಬೇಕೆಂದೂ, ಬಯಸುವವರು ದತ್ತು ಪಡೆಯಬಹುದು ಆದರೆ ಪಡೆದ ನಾಯಿ ಮತ್ತೆ ಬೀದಿಗೆ ಬರಕೂಡದೆಂದೂ ಹೇಳಿತು. ಆ ಹನ್ನೊಂದು ದಿನಗಳಲ್ಲಿ, ನಾಯಿಯಿಂದ ಮಾರು ದೂರ ನಡೆಯುತ್ತಿದ್ದವರೂ ಗೇಟಿನ ಮುದಿನಾಯಿಯನ್ನು ತಮ್ಮ ಬಾಲ್ಕನಿಗೆ ಕರೆದು ಬಾಗಿಲು ಹಾಕಿಕೊಂಡದ್ದು ಉಂಟು.

ಇಲ್ಲಿಗೆ ಶಾಸ್ತ್ರದ ಮುಖ್ಯ ಪ್ರಮೇಯವನ್ನು ಮುಂದಿಡಬಹುದು: ದತ್ತಿನ ಅರ್ಜಿಗಳ ಸಂಖ್ಯೆಯು ನಾಯಿಯ ಕಾಲಿನ ಉದ್ದಕ್ಕೆ ವಿಲೋಮವಾಗಿಯೂ, ಕೂದಲಿನ ಉದ್ದಕ್ಕೆ ಅನುಲೋಮವಾಗಿಯೂ ಇರುತ್ತದೆ. ಒಂದು ಕಣ್ಣಿಲ್ಲದ, ಹಲ್ಲಿಲ್ಲದ, ಕಂಡವರನ್ನೆಲ್ಲ ಗುರುಗುಟ್ಟುವ ಲಾಸಾ ಆಪ್ಸೊದ ಚಿತ್ರವನ್ನು ಹಂಚಿದರೆ ಸಂಜೆಯೊಳಗೆ ಗುರುಗ್ರಾಮ, ನೋಯ್ಡಾ, ದ್ವಾರಕೆಗಳಿಂದ ಅರ್ಜಿಗಳು ಬರುತ್ತವೆ. ಅದೇ ಪಾಕೆಟ್ಟಿನಲ್ಲಿ ಹುಟ್ಟಿ, ಆರೋಗ್ಯವಾಗಿ, ಸೌಮ್ಯವಾಗಿ, ಇಲ್ಲಿನ ಬಿಸಿಲು ಚಳಿಗಳಿಗೆ ಹೇಳಿಮಾಡಿಸಿದ ಮೈಯುಳ್ಳ ಇಂಡೀ ಮರಿ, ಎಂದರೆ ತಳಿಯ ಹೆಸರಿಲ್ಲದ ನಾಡನಾಯಿಯ ಮರಿ, ಕಾಲು ಉದ್ದವಾಗುತ್ತ ಕಾಯುತ್ತಲೇ ಇರುತ್ತದೆ. ಮುಧೋಳದ ಬೇಟೆನಾಯಿಗೆ 2005ರಲ್ಲಿ ಅಂಚೆಚೀಟಿ ಸಿಕ್ಕಿತು, ಬಳಿಕ ಸೇನೆಯಲ್ಲಿ ಕೆಲಸವೂ ಸಿಕ್ಕಿತು. ಇಂಡೀಗೆ ಸಿಕ್ಕುವುದು ಶಸ್ತ್ರಚಿಕಿತ್ಸೆಯಾದ ಗುರುತಿಗೆ ಕತ್ತರಿಸಿದ ಕಿವಿಯ ತುದಿ. ಹ್ರಸ್ವಶ್ವಾನವನ್ನು ಬೀದಿಗೆ ತಳ್ಳಿದ್ದೂ ಅದನ್ನು ಬೀದಿಯಿಂದ ಬೇಗ ಎತ್ತಿಸುವುದೂ ಒಂದೇ ಮೋಹ. ಕೊಂಡವನಿಗೂ ಅರ್ಜಿ ಹಾಕುವವನಿಗೂ ಬೇಕಾದದ್ದು ಜಾಹೀರಾತಿನ ನಾಯಿಯೇ. ಪ್ರಾಮಾಣಿಕರಾದ ಆಶ್ರಯದಾತರು ಇದನ್ನು ಬಲ್ಲರು, ಬಲ್ಲದ್ದರಿಂದಲೇ ಮನೆ ಪರಿಶೀಲನೆಗೆ ಹೋದಾಗ ಚಹಾ ಕುಡಿಯುತ್ತ, ಪಗ್ಗಿನ ಜೊತೆಗೆ ಒಂದು ಇಂಡೀ ಮರಿಯ ಚಿತ್ರವನ್ನೂ ಅಕಸ್ಮಾತ್ತಾಗಿ ತೋರಿಸುತ್ತಾರೆ.

ಮನೆ ಪರಿಶೀಲನೆಯೆಂದರೆ ಅರ್ಜಿದಾರರ ಬಾಲ್ಕನಿಗೆ ಜಾಲರಿಯಿದೆಯೇ, ಮನೆಯೊಡೆಯರ ಒಪ್ಪಿಗೆಯಿದೆಯೇ, ದೀಪಾವಳಿಯ ಪಟಾಕಿಗೆ ಬೆದರಿದ ನಾಯಿಯನ್ನು ಎಲ್ಲಿರಿಸುವಿರಿ ಎಂದು ಕೇಳಿ ಬರುವ ಕ್ರಿಯೆ. ದೆಹಲಿಯಲ್ಲಿ ಮಗಳಿಗೆ ವರ ನೋಡುವಾಗ ಇಷ್ಟು ಕೇಳುವುದಿಲ್ಲವೆಂದು ಅರ್ಜಿದಾರರು ದೂರುವುದುಂಟು. ಕೇಳಿದ್ದರೆ ಒಳ್ಳೆಯದಿತ್ತೆಂಬುದು ಪರಿಶೀಲಕರ ನಿಲುವು.

ಎಲ್ಲ ಪರೀಕ್ಷೆಗಳಲ್ಲೂ ಅರ್ಜಿದಾರರು ಉತ್ತೀರ್ಣರಾದ ಮೇಲೆ ಆಶ್ರಯದಾತರೇ ಅನುತ್ತೀರ್ಣರಾಗುವ ಅವಸ್ಥೆಯೊಂದಿದೆ. ನಾಯಿಯನ್ನು ಕಳುಹಿಸಬೇಕಾದ ಬೆಳಗ್ಗೆ ಅವರಿಗೆ ಅರ್ಜಿದಾರರ ಸೋಫಾದ ಬಣ್ಣದಲ್ಲಿ, ಮಾತಿನ ಧಾಟಿಯಲ್ಲಿ, ಮನೆಯ ದಿಕ್ಕಿನಲ್ಲಿ ದೋಷಗಳು ಕಾಣತೊಡಗಿ, ಕೊನೆಗೆ ನಾಯಿ ಅಲ್ಲೇ ಉಳಿಯುತ್ತದೆ. ಇದನ್ನು ಫಾಸ್ಟರ್ ಫೇಲ್ಯೂರ್ ಎನ್ನುತ್ತಾರೆ. ಮಹಾಪ್ರಸ್ಥಾನದಲ್ಲಿ ತನ್ನನ್ನು ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ರಥವೇರಲು ಒಪ್ಪದ ಧರ್ಮರಾಯನು ಈ ವೈಫಲ್ಯದ ಆದಿಪುರುಷ. ಅವನ ಅನುಕೂಲವೆಂದರೆ ಅವನಿಗೆ ಒಂದೇ ನಾಯಿಯಿತ್ತು. ವಸಂತ್ ಕುಂಜದಲ್ಲಿ ಒಂದರ ವೈಫಲ್ಯವು ಮುಂದಿನ ನಾಯಿಗೆ ಇದ್ದ ಜಾಗವನ್ನು ಕಸಿದುಕೊಳ್ಳುತ್ತದೆ, ಮತ್ತು ಮೂರು ಸಲ ವಿಫಲರಾದ ಮನೆಗೆ ನಾಲ್ಕನೆಯದನ್ನು ತರಲು ಹಿರಿಯ ಸ್ವಯಂಸೇವಕರು ಹಿಂಜರಿಯುತ್ತಾರೆ.

ವಿಫಲರಾಗದೆ ಉಳಿದವರಿಗೆ ಸಾಗಣೆಯ ಕಾಂಡವೊಂದು ಬಾಕಿಯಿರುತ್ತದೆ, ವಿಶೇಷವಾಗಿ ದತ್ತು ಪಡೆದವರು ಬೆಂಗಳೂರಿನವರಾದರೆ. ಮೊಟಕು ಮೂಗಿನ ನಾಯಿಗಳನ್ನು ವಿಮಾನದ ಸರಕು ವಿಭಾಗದಲ್ಲಿ ಒಯ್ಯುವುದು ಅಪಾಯಕರವಾದ್ದರಿಂದ ರೈಲೇ ಗತಿ. ರೈಲ್ವೆಯ ನಿಯಮದಂತೆ ನಾಯಿಯು ಒಡೆಯನೊಡನೆ ಪ್ರಯಾಣಿಸಬೇಕಾದರೆ ಪ್ರಥಮ ದರ್ಜೆಯ ಇಡೀ ಕೋಣೆಯನ್ನೇ ಕಾಯ್ದಿರಿಸಬೇಕು, ಇಲ್ಲವಾದರೆ ಅದು ಗಾರ್ಡಿನ ಡಬ್ಬಿಯ ನಾಯಿಪೆಟ್ಟಿಗೆಯಲ್ಲಿ ಒಂಟಿಯಾಗಿ ಹೋಗಬೇಕು. ಎರಡೂ ಪಕ್ಷಗಳಲ್ಲಿ ಅದನ್ನು ಪಾರ್ಸೆಲ್ ಕಚೇರಿಯಲ್ಲಿ ಸಾಮಾನೆಂದೇ ತೂಗಿ ಚೀಟಿ ಕೊಡುತ್ತಾರೆ. ಇಬ್ಬರು ಮಲಗುವ ಕೂಪೆಗೆ ಎರಡು ಟಿಕೆಟ್ ಕೊಂಡು ಅರ್ಜಿ ಸಲ್ಲಿಸಿದರೂ, ಕೂಪೆ ಸಿಕ್ಕಿತೇ ಅಥವಾ ಅಪರಿಚಿತರಿಬ್ಬರು ಹಂಚಿಕೊಳ್ಳುವ ನಾಲ್ವರ ಕೋಣೆಯೇ ಎಂಬುದು ಚಾರ್ಟ್ ತಯಾರಾಗುವ ತನಕ ಇಂದ್ರನಿಗೂ ತಿಳಿಯದು. ಆದುದರಿಂದ ಹಜರತ್ ನಿಜಾಮುದ್ದೀನ್ ನಿಲ್ದಾಣಕ್ಕೆ ಹೊರಡುವ ಸ್ವಯಂಸೇವಕರು ಲಸಿಕೆಯ ಪುಸ್ತಕ, ಆರೋಗ್ಯ ಪ್ರಮಾಣಪತ್ರ, ಎರಡು ದಿನಕ್ಕಾಗುವ ಮೊಸರನ್ನ ಇವುಗಳ ಜೊತೆಗೆ, ಅಪರಿಚಿತ ಸಹಪ್ರಯಾಣಿಕರಿಗೆಂದು ಒಂದು ಡಬ್ಬಿ ಮೈಸೂರುಪಾಕನ್ನೂ ಒಯ್ಯತಕ್ಕದ್ದೆಂದು ಸಾಗಣೆ ಕಾಂಡದ ಕೊನೆಯ ವಿಧಿ ಹೇಳುತ್ತದೆ. ಆ ಡಬ್ಬಿಯನ್ನು ನಾಯಿಗೆ ಎಟಕುವಲ್ಲಿ ಇಡಕೂಡದು.